ಓದುಗರ ಪ್ರಶ್ನೆ: ಕ್ಲಿಪ್ ಮಾಡಿದ ಎಕ್ಸ್‌ರೆಫ್, ಮರೆಯಾಗದ ತೊಂದರೆಗಳು

ಹೊರಗಿನ ಡ್ರಾಯಿಂಗನ್ನೋ (ಇದೇ ಎಕ್ಸ್‌ರೆಫ್) ಸ್ಕ್ಯಾನ್ ಮಾಡಿದ ಚಿತ್ರವನ್ನೋ ನಮ್ಮ ಡ್ರಾಯಿಂಗಿಗೆ ಜೋಡಿಸಿಕೊಂಡ ಮೇಲೆ ಬೇಕಾದಷ್ಟು ಭಾಗ ಮಾತ್ರ ಕಾಣಿಸುವುದು, ಅಂದರೆ ಕ್ಲಿಪ್ ಮಾಡುವುದು, ಹೇಗೆ ಎಂಬುದರ ಸುತ್ತಲೇ ಈ ಸಲದ ಪ್ರಶ್ನೆಗಳೆಲ್ಲ ಸುತ್ತುತ್ತವೆ. ಉತ್ತರಗಳನ್ನು ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್ ಹಿಡಿದು ಬರೆದಿದ್ದೇವೆ.

ಪ್ರಶ್ನೆ: ಸೈಟ್ ಪ್ಲಾನನ್ನು ಎಕ್ಸ್‌ರೆಫ್ ಆಗಿ ತಂದು, ಒಂದು ಪಾಲಿಲೈನ್ (ಹಲವು ತುಂಡುಗಳು ಸೇರಿದ ಒಂದೇ ಗೆರೆ) ಎಳೆದು, ಅದನ್ನೇ ಗಡಿಯಾಗಿಟ್ಟು ಎಕ್ಸ್‌ಕ್ಲಿಪ್ ಕಮಾಂಡ್‌ನಿಂದ ಕ್ಲಿಪ್ ಮಾಡಿದೆ. ಆಮೇಲೆ ಪಾಲಿಲೈನ್ ದೊಡ್ಡದು ಮಾಡಿದರೂ ಕ್ಲಿಪ್ ಮೊದಲಿದ್ದಷ್ಟೇ ಇದೆ. ಪಾಲಿಲೈನ್ ಅಳಿಸಿ ನೋಡಿದೆ, ಆಗಲೂ ಕ್ಲಿಪ್ ಹೋಗಲಿಲ್ಲ. ಏಕೆ?

ಉತ್ತರ: ನೀವು ಪಾಲಿಲೈನ್ ಆರಿಸಿದ ಆ ಗಳಿಗೆಯಲ್ಲಿ ಆಟೋಕ್ಯಾಡ್ ಅದರ ಬಿಂದುಗಳನ್ನು ನಕಲು ಮಾಡಿಕೊಂಡು ಎಕ್ಸ್‌ರೆಫ್‌ಗೆ ಅಂಟಿಸುತ್ತದೆ. ಅಲ್ಲಿಗೆ ಪಾಲಿಲೈನಿಗೂ ಕ್ಲಿಪ್‌ಗೂ ಇದ್ದ ನಂಟು ಮುಗಿಯಿತು. ಪಾಲಿಲೈನನ್ನು ಏನು ಮಾಡಿದರೂ ಕ್ಲಿಪ್‌ಗೆ ಗೊತ್ತಾಗುವುದಿಲ್ಲ. ಕ್ಲಿಪ್ ಗಡಿಯನ್ನು ಇರೇಸ್ ಕಮಾಂಡ್‌ನಿಂದ ಅಳಿಸಲೂ ಆಗದು. ಅದು ಹೋಗಬೇಕೆಂದರೆ ಎಕ್ಸ್‌ಕ್ಲಿಪ್ ಕೊಟ್ಟು, ಎಕ್ಸ್‌ರೆಫ್ ಆರಿಸಿ, ಡಿಲೀಟ್ ಆಯ್ಕೆಯನ್ನೇ ಬಳಸಬೇಕು. ಸ್ವಲ್ಪ ಹೊತ್ತು ಪೂರ್ತಿ ನೋಡಬೇಕಷ್ಟೇ ಎಂದಾದರೆ ಆಫ್ ಸಾಕು. ಗಡಿ ಉಳಿದಿರುತ್ತದೆ, ಆನ್ ಕೊಟ್ಟರೆ ಕ್ಲಿಪ್ ಮರಳುತ್ತದೆ.

ಗಡಿ ಬದಲಿಸಲು ಎರಡು ದಾರಿ ಇವೆ. ಸಣ್ಣ ಬದಲಾವಣೆಗೆ, ಗಡಿಗೆರೆ ಕಾಣಬೇಕೋ ಬೇಡವೋ ಎಂದು ಹೇಳುವ ಎಕ್ಸ್‌ಕ್ಲಿಪ್‌ಫ್ರೇಮ್ ವೇರಿಯಬಲ್‌ನ ಬೆಲೆಯನ್ನು 2 ಮಾಡಿ, ಗಡಿಗೆರೆಯ ಮೇಲೆ ಕ್ಲಿಕ್ ಮಾಡಿ. ಮೂಲೆಗಳಲ್ಲಿ ಗ್ರಿಪ್ ಎಂಬ ಸಣ್ಣ ಹಿಡಿಗಳು ಬರುತ್ತವೆ, ಹಿಡಿದು ಎಳೆಯಿರಿ. ಅಲ್ಲೇ ಒಂದು ಬಾಣದ ಗುರುತೂ ಕಾಣುತ್ತದೆ. ಅದನ್ನು ಒತ್ತಿದರೆ ಒಳಗಿನದು ಮರೆಯಾಗಿ ಹೊರಗಿನದು ಕಾಣುತ್ತದೆ. ಎಕ್ಸ್‌ರೆಫ್ ಪೂರ್ತಿ ತಿರುಗುಮುರುಗಾಗಿದೆ ಎಂದು ಬರೆಯುವ ಬಹಳ ಜನ ಗೊತ್ತಿಲ್ಲದೆ ಈ ಬಾಣವನ್ನೇ ಒತ್ತಿರುತ್ತಾರೆ.

ಗಡಿಗೆ ಹೊಸ ಮೂಲೆಗಳನ್ನು ಸೇರಿಸಬೇಕಾದಾಗ ಎರಡನೆಯ ದಾರಿ ಒಳ್ಳೆಯದು. ಎಕ್ಸ್‌ಕ್ಲಿಪ್ ಕೊಟ್ಟು ಪಿ ಒತ್ತಿ. ಈಗಿನ ಗಡಿಯ ಮೇಲೆಯೇ ಹೊಸ ಪಾಲಿಲೈನ್ ಹುಟ್ಟುತ್ತದೆ. ಆಗ ಚಾಲ್ತಿಯಲ್ಲಿರುವ ಲೇಯರ್ (ಗೆರೆಗಳನ್ನು ಗುಂಪು ಮಾಡುವ ಪದರ), ಬಣ್ಣ, ಲೈನ್‌ಟೈಪ್ ಅದಕ್ಕೆ ಬರುತ್ತವೆ. ಅದನ್ನು ಬೇಕಾದಂತೆ ತಿದ್ದಿ, ಮತ್ತೆ ಎಕ್ಸ್‌ಕ್ಲಿಪ್, ನ್ಯೂ ಬೌಂಡರಿ ಕೊಡಿ. ಹಳೆಯ ಗಡಿ ಅಳಿಸಲೇ ಎಂದು ಕೇಳಿದಾಗ ಯೆಸ್ ಅನ್ನಬೇಕು. ನೋ ಅಂದರೆ ಕಮಾಂಡ್ ಅಲ್ಲಿಗೇ ನಿಲ್ಲುತ್ತದೆ. ಬಳಿಕ ಸೆಲೆಕ್ಟ್ ಪಾಲಿಲೈನ್ ಎಂದು ತಿದ್ದಿದ ಗೆರೆಯನ್ನು ಆರಿಸಿ. ಆ ಪಾಲಿಲೈನನ್ನು ಪ್ರಿಂಟ್ ಆಗದ ಒಂದು ಲೇಯರಿನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಅಕ್ಕಪಕ್ಕದ ಹತ್ತು ಎಕ್ಸ್‌ರೆಫ್‌ಗಳಿಗೆ ಒಂದೇ ಗಡಿ ಹಾಕಬೇಕಾದಾಗ ಅದು ಕೆಲಸಕ್ಕೆ ಬರುತ್ತದೆ. ಎಕ್ಸ್‌ಕ್ಲಿಪ್ ಒಂದೇ ಸಲಕ್ಕೆ ಎಷ್ಟು ಎಕ್ಸ್‌ರೆಫ್ ಬೇಕಾದರೂ ತೆಗೆದುಕೊಳ್ಳುತ್ತದೆ. ಚಿತ್ರಗಳ ಇಮೇಜ್‌ಕ್ಲಿಪ್ ಒಂದೊಂದನ್ನೇ ಕೇಳುತ್ತದೆ. 2010ರ ಆವೃತ್ತಿಯಲ್ಲಿ ಬಂದ ಕ್ಲಿಪ್ ಎಂಬ ಕಮಾಂಡ್ ಎಕ್ಸ್‌ರೆಫ್, ಬ್ಲಾಕ್ (ಒಂದೇ ವಸ್ತುವಾಗಿ ಕಟ್ಟಿದ ಗೆರೆಗಳ ಗುಂಪು), ಚಿತ್ರ, ಪಿಡಿಎಫ್, ವ್ಯೂಪೋರ್ಟ್ (ಶೀಟಿನಲ್ಲಿ ಡ್ರಾಯಿಂಗ್ ಕಾಣುವ ಕಿಟಕಿ) ಎಲ್ಲಕ್ಕೂ ನಡೆಯುತ್ತದೆ, ಆದರೆ ಅದೂ ಒಂದೊಂದನ್ನೇ ಹಿಡಿಯುವುದು.

ಪ್ರಶ್ನೆ: ಡೀಟೇಲ್ ತೋರಿಸಲು ವೃತ್ತಾಕಾರದಲ್ಲಿ ಕ್ಲಿಪ್ ಬೇಕು. ವೃತ್ತವನ್ನು ಆರಿಸಲು ಬಿಡುವುದಿಲ್ಲ. ಆರ್ಕ್ ಇರುವ ಪಾಲಿಲೈನ್ ಕೊಟ್ಟರೆ ತೆಗೆದುಕೊಳ್ಳುತ್ತದೆ, ಆದರೆ ಕಮಾನು ಇದ್ದ ಕಡೆ ನೇರವಾಗಿ ಕತ್ತರಿಸಿದಂತೆ ಕಾಣುತ್ತದೆ.

ಉತ್ತರ: ಎಕ್ಸ್‌ಕ್ಲಿಪ್‌ನ ಗಡಿ ನೇರಗೆರೆಗಳಿಂದಲೇ ಆಗಬೇಕು. ಆರ್ಕ್ ಇರುವ ಪಾಲಿಲೈನ್ ಕೊಟ್ಟರೆ ಅದು ಬೇಡವೆನ್ನುವುದಿಲ್ಲ; ಆರ್ಕಿನ ಎರಡು ತುದಿಗಳನ್ನು ನೇರವಾಗಿ ಜೋಡಿಸಿಕೊಂಡು ಮುಂದುವರಿಯುತ್ತದೆ. ನಿಮ್ಮ ಕಮಾನು ಹೋದದ್ದು ಹೀಗೆ. ಪಾಲಿಲೈನ್ ತೆರೆದಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ತನ್ನನ್ನೇ ತಾನು ದಾಟಿಹೋಗುವ ಪಾಲಿಲೈನ್ ಮಾತ್ರ ನಡೆಯದು.

ವೃತ್ತಕ್ಕೆ ಸುಲಭದ ಉಪಾಯ ಪಾಲಿಗನ್. 64 ಬದಿಯ ಪಾಲಿಗನ್ ಎಳೆದು ಅದನ್ನೇ ಗಡಿ ಮಾಡಿ. ಎಷ್ಟು ಬದಿ ಸಾಕು ಎಂಬುದಕ್ಕೆ ಲೆಕ್ಕವಿದೆ. ವೃತ್ತದೊಳಗೆ ಕೂರುವ 64 ಬದಿಯ ಪಾಲಿಗನ್ ನಿಜವಾದ ವೃತ್ತದಿಂದ ಹೆಚ್ಚೆಂದರೆ ತ್ರಿಜ್ಯದ 0.0012 ಪಾಲಿನಷ್ಟು ಒಳಗೆ ಸರಿಯುತ್ತದೆ. ತ್ರಿಜ್ಯ 10 ಮೀಟರ್ ಇದ್ದರೆ ಅದು 12 ಮಿಲಿಮೀಟರ್. 1:100ರಲ್ಲಿ ಪ್ಲಾಟ್ ಮಾಡಿದಾಗ ಕಾಗದದ ಮೇಲೆ 0.12 ಮಿಲಿಮೀಟರ್, ಅಂದರೆ ತೆಳುವಾದ ಗೆರೆಯೊಂದರ ದಪ್ಪಕ್ಕಿಂತ ಹೆಚ್ಚಿಲ್ಲ. 128 ಬದಿ ಮಾಡಿದರೆ ಅಂತರ 3 ಮಿಲಿಮೀಟರಿಗೆ ಇಳಿಯುತ್ತದೆ. ಅದಕ್ಕಿಂತ ಮೇಲೆ ಹೋಗುವುದು ವ್ಯರ್ಥ, ಪರದೆಯನ್ನು ಮತ್ತೆ ಬರೆಯುವ ಪ್ರತಿ ರೀಜನ್‌ಗೂ ಭಾರ. ಪಾಲಿಗನ್ ಮೇಲೆ ನಿಜವಾದ ವೃತ್ತವೊಂದನ್ನು ಸ್ವಲ್ಪ ದಪ್ಪ ಗೆರೆಯಲ್ಲಿ ಎಳೆದು, ಎಕ್ಸ್‌ಕ್ಲಿಪ್‌ಫ್ರೇಮ್ 0 ಮಾಡಿದರೆ ಕಾಗದದಲ್ಲಿ ಯಾರಿಗೂ ವ್ಯತ್ಯಾಸ ತಿಳಿಯದು.

ಪೂರ್ಣ ಆಟೋಕ್ಯಾಡ್‌ನಲ್ಲಿ ಎಕ್ಸ್‌ಪ್ರೆಸ್ ಟೂಲ್ಸ್ ಎಂಬ ಹೆಚ್ಚುವರಿ ಕಮಾಂಡ್‌ಗಳನ್ನು ಹಾಕಿಕೊಂಡಿದ್ದರೆ ಕ್ಲಿಪ್‌ಇಟ್ ಎಂಬ ಕಮಾಂಡ್ ಇದೆ. ವೃತ್ತ, ಆರ್ಕ್, ಎಲಿಪ್ಸ್ ಇವನ್ನು ನೇರವಾಗಿ ಗಡಿಯಾಗಿ ತೆಗೆದುಕೊಂಡು ಅದೇ ಸಣ್ಣ ಸಣ್ಣ ನೇರಗೆರೆಗಳನ್ನು ತಾನೇ ಮಾಡುತ್ತದೆ. ಕೊನೆಯಲ್ಲಿ ಎಷ್ಟು ವ್ಯತ್ಯಾಸ ಇರಬಹುದು ಎಂದು ಕೇಳುತ್ತದೆ. ಅಲ್ಲಿ ನಿಮ್ಮ ಡ್ರಾಯಿಂಗಿನ ಯೂನಿಟ್ ನೆನಪಿಟ್ಟುಕೊಳ್ಳಿ: ಮಿಲಿಮೀಟರಿನಲ್ಲಿ ಬರೆದ ಕಟ್ಟಡದ ಪ್ಲಾನಿಗೆ 5 ಸಾಕು. ಯೋಚಿಸದೆ ತೀರಾ ಸಣ್ಣ ಸಂಖ್ಯೆ ಕೊಟ್ಟರೆ ಮೂಲೆಗಳು ಲೆಕ್ಕವಿಲ್ಲದಷ್ಟಾಗಿ ಝೂಮ್ ಮಾಡುವುದೇ ಕಷ್ಟವಾಗುತ್ತದೆ. ಎಲ್‌ಟಿ ಆವೃತ್ತಿಯಲ್ಲಿ ಎಕ್ಸ್‌ಪ್ರೆಸ್ ಟೂಲ್ಸ್ ಇಲ್ಲ, ಅವರಿಗೆ ಪಾಲಿಗನ್ನೇ ಗತಿ.

ಆದರೆ ಈ ಡೀಟೇಲ್ ಒಂದು ಶೀಟಿಗೆ ಮಾತ್ರ ಬೇಕಾದದ್ದೇ? ಹಾಗಿದ್ದರೆ ಎಕ್ಸ್‌ಕ್ಲಿಪ್ ಬಿಟ್ಟು ಮುಂದಿನ ಉತ್ತರ ಓದಿ.

ಪ್ರಶ್ನೆ: ಒಂದೇ ಎಕ್ಸ್‌ರೆಫ್. ಮೊದಲ ಶೀಟಿನಲ್ಲಿ ಪೂರ್ವದ ಭಾಗ ಮಾತ್ರ, ಎರಡನೆಯದರಲ್ಲಿ ಪಶ್ಚಿಮದ್ದು ಮಾತ್ರ ಕಾಣಬೇಕು. ಒಂದು ಲೇಔಟಿನ (ಪ್ರಿಂಟಿಗೆ ಜೋಡಿಸಿದ ಶೀಟು) ವ್ಯೂಪೋರ್ಟ್ ಒಳಗೆ ಹೋಗಿ ಕ್ಲಿಪ್ ಮಾಡಿದರೆ ಇನ್ನೊಂದು ಲೇಔಟಿನಲ್ಲೂ ಕಾಣದಂತಾಗುತ್ತದೆ.

ಉತ್ತರ: ವ್ಯೂಪೋರ್ಟ್ ಒಳಗಿಂದ ಮಾಡಿದರೂ ನೀವು ಮುಟ್ಟುತ್ತಿರುವುದು ನಿಜ ಅಳತೆಯಲ್ಲಿ ಬರೆಯುವ ಮಾಡೆಲ್ ಸ್ಪೇಸಿನಲ್ಲಿರುವ ಆ ಒಂದೇ ಎಕ್ಸ್‌ರೆಫನ್ನು. ಅದರ ಮೇಲಿನ ಕ್ಲಿಪ್ ಎಲ್ಲ ವ್ಯೂಪೋರ್ಟಿಗೂ ಅನ್ವಯಿಸುತ್ತದೆ. ಶೀಟಿನಿಂದ ಶೀಟಿಗೆ ಬದಲಾಗುವ ಕತ್ತರಿಕೆಗೆ ವ್ಯೂಪೋರ್ಟನ್ನೇ ಆಕಾರಕ್ಕೆ ತರಬೇಕು. ಶೀಟನ್ನು ಜೋಡಿಸುವ ಪೇಪರ್ ಸ್ಪೇಸಿನಲ್ಲಿ ಬೇಕಾದ ಆಕಾರ ಎಳೆದು, ವಿಪಿಕ್ಲಿಪ್ ಕೊಟ್ಟು, ವ್ಯೂಪೋರ್ಟ್ ಆರಿಸಿ, ಆ ಆಕಾರವನ್ನು ಆರಿಸಿ. ಇಲ್ಲಿ ವೃತ್ತ, ಎಲಿಪ್ಸ್, ಆರ್ಕ್ ಇರುವ ಮುಚ್ಚಿದ ಪಾಲಿಲೈನ್, ಸ್ಪ್ಲೈನ್ ಎಲ್ಲವೂ ನಡೆಯುತ್ತವೆ. ಹಿಂದಿನ ಪ್ರಶ್ನೆಯ ಗೋಳು ಇಲ್ಲಿ ಇಲ್ಲವೇ ಇಲ್ಲ.

ಒಂದು ಎಚ್ಚರ. ಈ ಗಡಿಯ ಗೆರೆ ಪ್ರಿಂಟ್ ಆಗಬಾರದೆಂದು ಅದರ ಲೇಯರನ್ನು ಫ್ರೀಜ್ ಮಾಡಬೇಡಿ. ಫ್ರೀಜ್ ಮಾಡಿದರೆ ಗಡಿಯೇ ಕೆಲಸ ನಿಲ್ಲಿಸಿ ವ್ಯೂಪೋರ್ಟ್ ಪೂರ್ತಿ ತೆರೆದುಕೊಳ್ಳುತ್ತದೆ. ಲೇಯರ್ ಆಫ್ ಮಾಡಿದರೆ ಕ್ಲಿಪ್ ಉಳಿಯುತ್ತದೆ. ಲೇಯರನ್ನು ಆನ್ ಇಟ್ಟು ಪ್ಲಾಟ್ ಗುರುತನ್ನು ತೆಗೆಯುವುದು ಎಲ್ಲಕ್ಕಿಂತ ನೆಮ್ಮದಿ.

ಮಾಡೆಲ್ ಸ್ಪೇಸಿನಲ್ಲೇ ಎರಡು ಭಾಗ ಬೇರೆ ಬೇರೆ ಕಡೆ ಕೂರಬೇಕೆಂದರೆ ಎಕ್ಸ್‌ರೆಫನ್ನು ಕಾಪಿ ಮಾಡಿ, ಪ್ರತಿಯೊಂದಕ್ಕೂ ಅದರದೇ ಕ್ಲಿಪ್ ಹಾಕಬಹುದು. ಕ್ಲಿಪ್ ಪ್ರತಿಗೊಂದು ಇರುತ್ತದೆ, ಲೇಯರ್ ಮಾತ್ರ ಎಲ್ಲ ಪ್ರತಿಗಳಿಗೂ ಒಂದೇ. ಒಂದು ಪ್ರತಿಯಲ್ಲಿ ಪೀಠೋಪಕರಣದ ಲೇಯರ್ ಬೇಡ, ಇನ್ನೊಂದರಲ್ಲಿ ಬೇಕು ಎಂದರೆ ಈ ದಾರಿಯಲ್ಲಿ ಆಗದು.

ಪ್ರಶ್ನೆ: ಸ್ಕ್ಯಾನ್ ಮಾಡಿದ ಹಳೆಯ ನಕ್ಷೆಯನ್ನು ಉತ್ತರಕ್ಕೆ ಹೊಂದಿಸಲು 17 ಡಿಗ್ರಿ ತಿರುಗಿಸಿದ್ದೇನೆ. ರೆಕ್ಟ್ಯಾಂಗ್ಯುಲರ್ ಕ್ಲಿಪ್ ಕೊಟ್ಟರೆ ಅದೂ ಓರೆಯಾಗಿ ಬರುತ್ತದೆ.

ಉತ್ತರ: ಇಮೇಜ್‌ಕ್ಲಿಪ್‌ನ ಆಯತ ಯಾವಾಗಲೂ ಚಿತ್ರದ ಅಂಚಿಗೆ ಸಮಾನಾಂತರ. ಸ್ಕ್ಯಾನಿನ ಸುತ್ತಲಿನ ಕಪ್ಪು ಅಂಚನ್ನು ತೆಗೆಯಲು ಅದೇ ಬೇಕಾದದ್ದು. ಶೀಟಿಗೆ ನೇರವಾದ ಆಯತ ಬೇಕಿದ್ದರೆ, ಗೆರೆಯನ್ನು ಅಡ್ಡಕ್ಕೋ ಲಂಬಕ್ಕೋ ಮಾತ್ರ ಬಿಡುವ ಆರ್ಥೋ ಆನ್ ಮಾಡಿ ಪಾಲಿಗೋನಲ್ ಆಯ್ಕೆಯಲ್ಲಿ ನಾಲ್ಕು ಮೂಲೆ ಒತ್ತಿ, ಇಲ್ಲವೇ ಮೊದಲೇ ಆಯತ ಎಳೆದಿಟ್ಟು ಸೆಲೆಕ್ಟ್ ಪಾಲಿಲೈನ್ ಕೊಡಿ. ಎಕ್ಸ್‌ರೆಫ್‌ನಲ್ಲಿ ಲೆಕ್ಕ ಬೇರೆ: ಎಕ್ಸ್‌ಕ್ಲಿಪ್‌ನ ಆಯತ ಆಗಿನ ಯುಸಿಎಸ್ (ನಾವು ತಿರುಗಿಸಿಕೊಳ್ಳಬಹುದಾದ ನಿರ್ದೇಶಾಂಕ ವ್ಯವಸ್ಥೆ) ಅಕ್ಷಗಳನ್ನು ಅನುಸರಿಸುತ್ತದೆ. ಹಾಗಾಗಿ ಅಲ್ಲಿ ಮೊದಲು ಯುಸಿಎಸ್ ತಿರುಗಿಸಿಕೊಂಡರೆ ಆಯತವೂ ತಿರುಗುತ್ತದೆ.

ಪ್ರಶ್ನೆ: ಚಿತ್ರದ ಸುತ್ತ ಚೌಕಟ್ಟು ಪ್ರಿಂಟ್ ಆಗುತ್ತಿದೆ. ಇಮೇಜ್‌ಫ್ರೇಮ್ 0 ಮಾಡಿದೆ. ಗೆರೆ ಹೋಯಿತು, ಆದರೆ ಈಗ ಚಿತ್ರವನ್ನು ಆರಿಸಲೇ ಆಗುತ್ತಿಲ್ಲ.

ಉತ್ತರ: 0 ಎಂದರೆ ಪರದೆಯಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ. 1 ಎಂದರೆ ಎರಡರಲ್ಲೂ ಇದೆ. 2 ಎಂದರೆ ಪರದೆಯಲ್ಲಿ ಇದೆ, ಕಾಗದದಲ್ಲಿ ಇಲ್ಲ. ನಿಮಗೆ ಬೇಕಾದದ್ದು 2. ಚಿತ್ರವನ್ನು ಅದರ ಚೌಕಟ್ಟು ಹಿಡಿದೇ ಆರಿಸುವುದರಿಂದ 0 ಆದಾಗ ಹಿಡಿಯಲು ಏನೂ ಸಿಗದು. ಹೊಸ ಆವೃತ್ತಿಗಳಲ್ಲಿ ಫ್ರೇಮ್‌ಸೆಲೆಕ್ಷನ್ 1 ಇದ್ದರೆ ಕಾಣದ ಚೌಕಟ್ಟನ್ನೂ ಹಿಡಿಯಬಹುದು.

ಎಕ್ಸ್‌ಕ್ಲಿಪ್‌ಫ್ರೇಮ್, ಪಿಡಿಎಫ್‌ಫ್ರೇಮ್ ಇವಕ್ಕೂ ಸಂಖ್ಯೆಗಳ ಅರ್ಥ ಇದೇ. ಇವೆಲ್ಲವನ್ನೂ ಒಂದೇ ಏಟಿಗೆ ಹಿಡಿಯುವ ಫ್ರೇಮ್ ಎಂಬ ಇನ್ನೊಂದು ವೇರಿಯಬಲ್ ಇದೆ. ಅದಕ್ಕೆ 0, 1, 2 ಕೊಟ್ಟರೆ ಎಲ್ಲ ಚೌಕಟ್ಟುಗಳೂ ಅದನ್ನೇ ಕೇಳುತ್ತವೆ. 3 ಇದ್ದರೆ ಒಂದೊಂದೂ ತನ್ನ ತನ್ನ ಬೆಲೆಯಂತೆ ನಡೆಯುತ್ತದೆ. ಕ್ಲಿಪ್ ಅಂಚು ತಿದ್ದುವಾಗ ಫ್ರೇಮ್ 2 ಇಟ್ಟುಕೊಂಡರೆ ಸಾಕು, ಪ್ರಿಂಟಿಗೆ ಮುನ್ನ ಏನನ್ನೂ ಬದಲಿಸಬೇಕಿಲ್ಲ.

ಪ್ರಶ್ನೆ: ಹೊರಗಡಿಯೂ ಬೇಕು, ನಡುವೆ ನಮ್ಮ ಕಟ್ಟಡ ಕೂರುವ ಜಾಗ ಖಾಲಿಯೂ ಬೇಕು. ಎರಡನೆಯ ಕ್ಲಿಪ್ ಹಾಕಿದರೆ ಮೊದಲನೆಯದು ಹೋಗುತ್ತದೆ.

ಉತ್ತರ: ಒಂದು ಎಕ್ಸ್‌ರೆಫ್‌ಗೆ ಒಂದೇ ಗಡಿ. ಆದರೆ ಗಡಿಯೊಳಗೆ ಗಡಿ ಇಡಬಹುದು. ಮೊದಲು ಇನ್ವರ್ಟ್ ಕ್ಲಿಪ್ ಆರಿಸಿಕೊಂಡು ನಡುವಿನ ಜಾಗವನ್ನು ಖಾಲಿ ಮಾಡಿ. ಆ ಎಕ್ಸ್‌ರೆಫ್ ಒಂದನ್ನೇ ಹಿಡಿದು ಬ್ಲಾಕ್ ಮಾಡಿ. ಈಗ ಬ್ಲಾಕ್ ಮೇಲೆ ಎಕ್ಸ್‌ಕ್ಲಿಪ್ ಕೊಟ್ಟು ಹೊರಗಡಿ ಹಾಕಿ. ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ.

ಬ್ಲಾಕ್ ಬೇಡವೆನ್ನುವವರು ನಡುವೆ ಒಂದು ಡ್ರಾಯಿಂಗ್ ಇಟ್ಟುಕೊಳ್ಳುತ್ತಾರೆ: ಸೈಟನ್ನು ಅದಕ್ಕೆ ಜೋಡಿಸಿ ಅಲ್ಲಿ ಒಳಗಿನ ಕ್ಲಿಪ್, ಅದನ್ನು ಮುಖ್ಯ ಡ್ರಾಯಿಂಗಿಗೆ ಜೋಡಿಸಿ ಇಲ್ಲಿ ಹೊರಗಿನ ಕ್ಲಿಪ್. ಹೀಗೆ ಮಾಡುವಾಗ ಸೈಟನ್ನು ನಡುವಿನ ಡ್ರಾಯಿಂಗಿಗೆ ಅಟ್ಯಾಚ್ ಎಂದೇ ತರಬೇಕು. ಓವರ್‌ಲೇ ಎಂದು ತಂದರೆ ಅದು ಮುಖ್ಯ ಡ್ರಾಯಿಂಗಿಗೆ ಬರುವುದೇ ಇಲ್ಲ, ನೀವು ಖಾಲಿ ಜಾಗವನ್ನು ಕ್ಲಿಪ್ ಮಾಡುತ್ತಾ ಕೂರುತ್ತೀರಿ.

ಪ್ರಶ್ನೆ: ನಿನ್ನೆಯವರೆಗೆ ಸರಿಯಿದ್ದ ಕ್ಲಿಪ್ ಮಾಡಿದ ಎಕ್ಸ್‌ರೆಫ್ ಇಂದು ರೀಲೋಡ್ ಆದ ಮೇಲೆ ಖಾಲಿ. ಎಕ್ಸ್‌ರೆಫ್ ಪಟ್ಟಿಯಲ್ಲಿ ಲೋಡೆಡ್ ಎಂದೇ ತೋರಿಸುತ್ತಿದೆ.

ಉತ್ತರ: ಮೊದಲು ಎಕ್ಸ್‌ಕ್ಲಿಪ್, ಆಫ್ ಕೊಟ್ಟು ಝೂಮ್ ಎಕ್ಸ್‌ಟೆಂಟ್ಸ್ ಮಾಡಿ. ಡ್ರಾಯಿಂಗ್ ಬೇರೆಲ್ಲೋ ಕಂಡರೆ, ಮೂಲ ಫೈಲಿನಲ್ಲಿ ಯಾರೋ ಎಲ್ಲವನ್ನೂ ಸರಿಸಿದ್ದಾರೆ ಅಥವಾ ಬೇಸ್ ಪಾಯಿಂಟ್ ಬದಲಿಸಿದ್ದಾರೆ. ಕ್ಲಿಪ್ ಎಂಬುದು ನಿಮ್ಮ ಡ್ರಾಯಿಂಗಿನಲ್ಲಿ ಆ ಎಕ್ಸ್‌ರೆಫ್‌ಗೆ ಇಟ್ಟ ಕಿಟಕಿ. ಎಕ್ಸ್‌ರೆಫನ್ನು ನೀವು ಮೂವ್ ಮಾಡಿದರೆ ಕಿಟಕಿಯೂ ಜೊತೆಗೆ ಹೋಗುತ್ತದೆ. ಮೂಲದೊಳಗಿನ ಗೆರೆಗಳು ಸರಿದರೆ ಕಿಟಕಿ ಇದ್ದಲ್ಲೇ ಇರುತ್ತದೆ. ಮೂಲವನ್ನು ಮೊದಲಿನ ಜಾಗಕ್ಕೆ ತರಿಸಿಕೊಳ್ಳುವುದೇ ಸರಿಯಾದ ಪರಿಹಾರ. ಇಲ್ಲಿ ಎಕ್ಸ್‌ರೆಫ್ ಎಳೆದು ಹೊಂದಿಸಿದರೆ ಮುಂದಿನ ಸಲ ಅವರು ತಿದ್ದಿದಾಗ ಮತ್ತೆ ಇದೇ ಪಾಡು.

ಆಫ್ ಮಾಡಿದ ಮೇಲೂ ಏನೂ ಕಾಣದಿದ್ದರೆ ತಪ್ಪು ಕ್ಲಿಪ್‌ನದಲ್ಲ. ಎಕ್ಸ್‌ರೆಫ್ ಇರುವ ಲೇಯರ್ ಫ್ರೀಜ್ ಆಗಿದೆಯೇ ನೋಡಿ. ಆಫ್ ಮಾಡಿದಾಗ ಗಡಿಯೊಳಗೇ ಕಂಡು, ಆನ್ ಮಾಡಿದರೆ ಮರೆಯಾಗುವ ಮೂರು ಆಯಾಮದ ಮಾಡೆಲ್ ಆಗಿದ್ದರೆ ಕ್ಲಿಪ್‌ಡೆಪ್ತ್ ನೋಡಬೇಕು. ಸಾಮಾನ್ಯ ಕ್ಲಿಪ್ ಗಡಿಗೆ ಲಂಬವಾಗಿ ಎರಡೂ ಕಡೆ ಕೊನೆಯಿಲ್ಲದೆ ಚಾಚಿರುತ್ತದೆ, ಎತ್ತರ ಎಷ್ಟಿದ್ದರೂ ಕಾಣುತ್ತದೆ. ಕ್ಲಿಪ್‌ಡೆಪ್ತ್ ಕೊಟ್ಟರೆ ಮುಂದೆ ಹಿಂದೆ ಎರಡು ಸಮತಲ ಬೀಳುತ್ತವೆ, ಅವುಗಳ ನಡುವಿನದು ಮಾತ್ರ ಕಾಣುತ್ತದೆ. ಮಹಡಿಯನ್ನು ಮೇಲಕ್ಕೆತ್ತಿದರೆ ಆ ಎರಡರ ನಡುವಿನಿಂದ ಅದು ಹೊರಬಿದ್ದಿರುತ್ತದೆ. ಕ್ಲಿಪ್‌ಡೆಪ್ತ್ ಒಳಗೆ ರಿಮೂವ್ ಕೊಟ್ಟರೆ ಸಮತಲಗಳು ಹೋಗುತ್ತವೆ.

ಪ್ರಶ್ನೆ: ದೊಡ್ಡ ಸರ್ವೆ ಡ್ರಾಯಿಂಗಿನ ಸಣ್ಣ ಮೂಲೆ ಮಾತ್ರ ಉಳಿಸಿ ಕ್ಲಿಪ್ ಮಾಡಿದ್ದೇನೆ. ಡ್ರಾಯಿಂಗ್ ಮೊದಲಿನಷ್ಟೇ ನಿಧಾನ.

ಉತ್ತರ: ಸಹಜ. ಮೂಲ ಫೈಲಿನಲ್ಲಿ ಇಂಡೆಕ್ಸ್ (ಯಾವುದು ಎಲ್ಲಿದೆ ಎಂಬ ಸೂಚಿ) ಇಲ್ಲದಿದ್ದರೆ ಆಟೋಕ್ಯಾಡ್ ಅದನ್ನು ಪೂರ್ತಿ ಓದಿಕೊಂಡು, ಆಮೇಲೆ ಹೊರಗಿನದನ್ನು ಮರೆಮಾಡುತ್ತದೆ. ಸರ್ವೆ ಡ್ರಾಯಿಂಗನ್ನೇ ತೆರೆದು ಇಂಡೆಕ್ಸ್‌ಸಿಟಿಎಲ್ ಬೆಲೆಯನ್ನು 3 ಮಾಡಿ ಸೇವ್ ಮಾಡಿ. 1 ಲೇಯರ್ ಇಂಡೆಕ್ಸ್, 2 ಸ್ಪೇಶಿಯಲ್ ಇಂಡೆಕ್ಸ್, 3 ಎರಡೂ. ಮೊದಲಿಗೆ ಇದು 0 ಇರುತ್ತದೆ, ಹಾಗಾಗಿ ಯಾರೂ ಮುಟ್ಟದ ಫೈಲಿನಲ್ಲಿ ಇಂಡೆಕ್ಸ್ ಇರುವುದಿಲ್ಲ. ಜೊತೆಗೆ ನಿಮ್ಮ ಕಂಪ್ಯೂಟರಿನಲ್ಲಿ, ಎಕ್ಸ್‌ರೆಫನ್ನು ಬೇಕಾದಷ್ಟೇ ಓದಲು ಹೇಳುವ ಎಕ್ಸ್‌ಲೋಡ್‌ಸಿಟಿಎಲ್ 0 ಆಗಿರಬಾರದು. 1 ಇದ್ದರೆ ನೀವು ಬಳಸುತ್ತಿರುವಷ್ಟು ಹೊತ್ತು ಬೇರೆಯವರು ಮೂಲ ಫೈಲನ್ನು ತಿದ್ದಲಾಗದು; 2 ಇದ್ದರೆ ತಾತ್ಕಾಲಿಕ ನಕಲಿನಿಂದ ಓದುತ್ತದೆ, ಮೂಲ ಎಲ್ಲರಿಗೂ ತೆರೆದಿರುತ್ತದೆ. ಹತ್ತು ಜನ ಸೇರಿ ಮಾಡುವ ಕೆಲಸದಲ್ಲಿ 2 ಬಿಟ್ಟು ಬೇರೆ ಯೋಚಿಸಬೇಡಿ. ಎರಡೂ ಸರಿಯಾದ ಮೇಲೆ ಎಕ್ಸ್‌ರೆಫ್ ರೀಲೋಡ್ ಮಾಡಿ: ಕ್ಲಿಪ್ ಗಡಿಯೊಳಗಿನದು, ಫ್ರೀಜ್ ಆಗದ ಲೇಯರಿನದು, ಇಷ್ಟೇ ಓದಿಕೊಳ್ಳುತ್ತದೆ. ಇಂಡೆಕ್ಸ್ ಇರುವ ಫೈಲ್ ಸೇವ್ ಆಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಅದಕ್ಕೇ ಪದೇ ಪದೇ ತಿದ್ದುವ ಫೈಲಿಗಿಂತ ಸರ್ವೆಯಂಥ ಅಪರೂಪಕ್ಕೆ ಬದಲಾಗುವ ಫೈಲಿಗೆ ಇದು ಹೊಂದುತ್ತದೆ.

ಚಿತ್ರಗಳಿಗೆ ಈ ಸವಲತ್ತು ಇಲ್ಲ. ಉಪಗ್ರಹ ಚಿತ್ರದ ಸಣ್ಣ ಭಾಗ ಸಾಕೆಂದರೆ ಚಿತ್ರ ತಿದ್ದುವ ತಂತ್ರಾಂಶದಲ್ಲೇ ಕತ್ತರಿಸಿ ಹೊಸದಾಗಿ ಜೋಡಿಸುವುದು ಲೇಸು. ಚಿತ್ರದ ಜೊತೆಗೆ ಅದರ ಜಾಗ ಹೇಳುವ ವರ್ಲ್ಡ್ ಫೈಲ್ ಇದ್ದರೆ ಅದನ್ನೂ ತಿದ್ದಬೇಕು. ಅದರಲ್ಲಿ ಆರು ಸಾಲು ಇರುತ್ತವೆ. ಐದನೆಯದು ಮತ್ತು ಆರನೆಯದು ಎಡ ಮೇಲ್ಮೂಲೆಯ ಪಿಕ್ಸೆಲ್‌ನ ನಡುವಿನ ಎಕ್ಸ್ ಮತ್ತು ವೈ. ಪಿಕ್ಸೆಲ್ 0.5 ಮೀಟರಿನದಾಗಿದ್ದು, ಎಡಗಡೆಯಿಂದ 1,200 ಕಂಬಸಾಲು ತೆಗೆದರೆ ಐದನೆಯ ಸಾಲಿಗೆ 600 ಕೂಡಿಸಬೇಕು. ಮೇಲಿನಿಂದ 800 ಅಡ್ಡಸಾಲು ತೆಗೆದರೆ ಆರನೆಯದರಿಂದ 400 ಕಳೆಯಬೇಕು. ಬಲಕ್ಕೂ ಕೆಳಕ್ಕೂ ಎಷ್ಟು ಕತ್ತರಿಸಿದರೂ ಆ ಫೈಲ್ ಬದಲಾಗುವುದಿಲ್ಲ. ತಿರುಗಿಸದ ಚಿತ್ರಕ್ಕೆ ಮಾತ್ರ ಈ ಲೆಕ್ಕ.

ಪ್ರಶ್ನೆ: ಗುತ್ತಿಗೆದಾರರಿಗೆ ಒಂದು ಬ್ಲಾಕಿನ ಪ್ಲಾನ್ ಮಾತ್ರ ಕೊಡಬೇಕು, ಉಳಿದದ್ದು ಗೋಪ್ಯ. ಕ್ಲಿಪ್ ಮಾಡಿ, ಬೈಂಡ್ ಮಾಡಿ ಕಳಿಸಿದರೆ ಸಾಕೇ?

ಉತ್ತರ: ಸಾಲದು. ಬೈಂಡ್ ಮಾಡಿದಾಗ ಎಕ್ಸ್‌ರೆಫ್ ಪೂರ್ತಿಯಾಗಿ, ಮರೆಯಲ್ಲಿದ್ದದ್ದೂ ಸೇರಿ, ನಿಮ್ಮ ಫೈಲಿನೊಳಗೆ ಬಂದು ಕೂರುತ್ತದೆ. ಪಡೆದವರು ಕ್ಲಿಪ್ ಆಫ್ ಮಾಡಿದರೆ ಸಾಕು, ಎಲ್ಲ ಕಾಣುತ್ತದೆ. ಎಕ್ಸ್‌ಪ್ಲೋಡ್ ಮಾಡಿದರೂ (ಬಿಡಿ ಗೆರೆಗಳಾಗಿ ಒಡೆದರೂ) ಅಷ್ಟೇ, ಕ್ಲಿಪ್ ಉದುರಿಹೋಗಿ ಎಲ್ಲ ಗೆರೆ ಹೊರಬರುತ್ತವೆ.

ನಿಜವಾಗಿ ಕತ್ತರಿಸುವ ಕ್ರಮ ಹೀಗೆ. ಡ್ರಾಯಿಂಗನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ. ಎಕ್ಸ್‌ಕ್ಲಿಪ್‌ನ ಪಿ ಆಯ್ಕೆಯಿಂದ ಗಡಿಯ ಪಾಲಿಲೈನ್ ತೆಗೆದುಕೊಳ್ಳಿ. ಎಕ್ಸ್‌ರೆಫನ್ನು ಬೈಂಡ್ ಮಾಡುವಾಗ ಇನ್ಸರ್ಟ್ ಬಗೆಯನ್ನು ಆರಿಸಿ. ಬೈಂಡ್ ಬಗೆಯಲ್ಲಿ ಲೇಯರ್ ಹೆಸರುಗಳ ನಡುವೆ ಡಾಲರ್ ಚಿಹ್ನೆ, ಸೊನ್ನೆ, ಮತ್ತೆ ಡಾಲರ್ ಚಿಹ್ನೆ ಸೇರಿಕೊಂಡು ಓದಲು ಕಿರಿಕಿರಿ. ಈಗ ಎಕ್ಸ್‌ಪ್ಲೋಡ್ ಮಾಡಿ. ಗಡಿಯನ್ನು ದಾಟುವ ಗೆರೆಗಳಿಗೆ ಎಕ್ಸ್‌ಪ್ರೆಸ್ ಟೂಲ್ಸ್‌ನ ಎಕ್ಸ್‌ಟ್ರಿಮ್ ಕೊಟ್ಟು, ಪಾಲಿಲೈನ್ ಆರಿಸಿ, ಹೊರಗಡೆ ಕ್ಲಿಕ್ ಮಾಡಿದರೆ ಸುತ್ತಲೂ ಒಂದೇ ಸಲಕ್ಕೆ ಟ್ರಿಮ್ ಆಗುತ್ತದೆ. ಗಡಿಯ ಮೇಲೆ ಕೂತ ಬಾಗಿಲು, ಮರ ಮುಂತಾದ ಬ್ಲಾಕುಗಳನ್ನು ಅದು ಮುಟ್ಟದು. ಅವನ್ನು ಕೈಯಾರೆ ಎಕ್ಸ್‌ಪ್ಲೋಡ್ ಮಾಡಿ ಟ್ರಿಮ್ ಮಾಡಬೇಕು.

ಬಳಿಕ ಹೊರಗಿನದನ್ನು ಅಳಿಸುತ್ತ ಕೂರುವ ಬದಲು ಒಳಗಿನದನ್ನು ಹೊರತೆಗೆಯಿರಿ. ಗಡಿಯನ್ನು ಒಂದೆರಡು ಮಿಲಿಮೀಟರ್ ಹೊರಕ್ಕೆ ಆಫ್‌ಸೆಟ್ ಮಾಡಿ, ಇಡೀ ಜಾಗ ಪರದೆಯಲ್ಲಿ ಕಾಣುವಂತೆ ಝೂಮ್ ಮಾಡಿ, ಆರಿಸಿದ್ದನ್ನು ಹೊಸ ಫೈಲಾಗಿ ಬರೆಯುವ ಡಬ್ಲ್ಯುಬ್ಲಾಕ್ ಕೊಟ್ಟು ಆ ಆಫ್‌ಸೆಟ್ ಗೆರೆಯ ಮೂಲೆಗಳಲ್ಲೇ ವಿಂಡೋ ಪಾಲಿಗನ್ ಹಾಕಿ ಆರಿಸಿ. ಆಫ್‌ಸೆಟ್ ಏಕೆಂದರೆ ಗಡಿಯ ಮೇಲೆಯೇ ಮುಗಿಯುವ ಗೆರೆಗಳು ಕೆಲವೊಮ್ಮೆ ವಿಂಡೋ ಒಳಗೆ ಬಾರದೆ ಬಿಟ್ಟುಹೋಗುತ್ತವೆ. ಹುಟ್ಟಿದ ಹೊಸ ಫೈಲನ್ನು ತೆರೆದು ಎಕ್ಸ್‌ರೆಫ್ ಪಟ್ಟಿ ಖಾಲಿಯಿದೆಯೇ ನೋಡಿ, ಬಳಕೆಯಲ್ಲಿಲ್ಲದ್ದನ್ನು ತೆಗೆಯುವ ಪರ್ಜ್ ಮಾಡಿ, ಝೂಮ್ ಎಕ್ಸ್‌ಟೆಂಟ್ಸ್ ಕೊಡಿ. ದೂರದಲ್ಲೆಲ್ಲೋ ಚುಕ್ಕೆಯಂತೆ ಏನಾದರೂ ಕಂಡರೆ ಕಳಿಸುವ ಮುನ್ನ ಅದೇನೆಂದು ನೋಡಿಕೊಳ್ಳಿ.

ಪ್ರಶ್ನೆ: ಎಕ್ಸ್‌ರೆಫ್ ಕ್ಲಿಪ್ ಆದ ಅಂಚಿನಿಂದ ಡೈಮೆನ್ಷನ್ ಹಾಕಲು ಎಂಡ್‌ಪಾಯಿಂಟ್ ಸಿಗುತ್ತಿಲ್ಲ.

ಉತ್ತರ: ಅಲ್ಲಿ ಗೆರೆ ಮುಗಿದಿಲ್ಲ, ಕಾಣುವುದು ಮಾತ್ರ ನಿಂತಿದೆ. ಅಂಚಿನವರೆಗಿನ ಅಳತೆ ನಿಜಕ್ಕೂ ಬೇಕಿದ್ದರೆ ಎನ್‌ಕಾಪಿ ಕಮಾಂಡ್‌ನಿಂದ ಆ ಗೆರೆಯನ್ನಷ್ಟೇ ನಿಮ್ಮ ಡ್ರಾಯಿಂಗಿಗೆ ತೆಗೆದುಕೊಂಡು ಟ್ರಿಮ್ ಮಾಡಿ. ಮೂಲ ಬದಲಾದಾಗ ಈ ನಕಲು ಬದಲಾಗುವುದಿಲ್ಲ, ಆದ್ದರಿಂದ ಬೇರೆ ಲೇಯರಿನಲ್ಲಿಡಿ.

ಪ್ರಶ್ನೆ: ಬೇರೆ ತಂತ್ರಾಂಶದಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ ಫೋಟೋಗೆ ಇಮೇಜ್‌ಕ್ಲಿಪ್ ನಡೆಯುತ್ತಿಲ್ಲ.

ಉತ್ತರ: ಪೇಸ್ಟ್ ಮಾಡಿದ್ದು ಓಎಲ್ಇ (ಬೇರೆ ತಂತ್ರಾಂಶದಿಂದ ತಂದು ಕೂರಿಸಿದ) ವಸ್ತುವಾಗಿ ಕೂತಿದೆ, ಆಟೋಕ್ಯಾಡ್ ಅದನ್ನು ಚಿತ್ರವೆಂದು ಎಣಿಸುವುದಿಲ್ಲ. ಫೋಟೋವನ್ನು ಪಿಎನ್‌ಜಿ ಅಥವಾ ಜೆಪಿಜಿ ಫೈಲಾಗಿ ಉಳಿಸಿ, ಇಮೇಜ್‌ಅಟ್ಯಾಚ್ ಮೂಲಕ ತನ್ನಿ.